ಕೆಂಪು ಕೂದಲಿನ ಸಾಕ್ಷಿ

ಶುಕ್ರವಾರ ಮಧ್ಯಾಹ್ನ ತಿರುಮಲೇಶ್ವರಣ್ಣನ ಅಂಗಳದಿಂದ ಎರಡು ಗೋಣಿ ಕಾಳುಮೆಣಸು ಕಾಣೆಯಾಯಿತು. ಒಯ್ದವನನ್ನು ಯಾರೂ ನೋಡಿರಲಿಲ್ಲ. ಮನೆಯವರೆಲ್ಲ ಹನ್ನೆರಡೂವರೆಗೆ ಮದುವೆ ಊಟಕ್ಕೆ ಹೋಗಿ, ಎರಡು ಗಂಟೆಗೆ ಎಲೆಯಡಿಕೆ ಜಗಿಯುತ್ತ ಬರುವಾಗ ಅಂಗಳದಲ್ಲಿ ಟರ್ಪಾಲು ಮಾತ್ರ ಉಳಿದಿತ್ತು. ಆದರೂ ಸಂಜೆಯ ಬಸ್ಸು ನೇರಳಡ್ಕಕ್ಕೆ ಬರುವ ಹೊತ್ತಿಗೆ ಕಳ್ಳ ಯಾರೆಂದು ಊರಿಗೆಲ್ಲ ಗೊತ್ತಾಗಿ ಹೋಗಿತ್ತು. ಬಸ್ಸಿನಿಂದ ಇಳಿದವರಿಗೂ ಗೊತ್ತಾಯಿತು. ಕಟ್ಟೆಯಲ್ಲಿ ಕೂತವರು ಹೆಸರು ಕೂಡ ಹೇಳಲಿಲ್ಲ. ತಮ್ಮ ತಲೆಯ ಮೇಲೆ ಕೈಯಾಡಿಸಿ ಹೆಗಲವರೆಗೆ ಇಳಿಸಿ ತೋರಿಸಿದರು. ಅಷ್ಟು ಸಾಕಾಯಿತು.

ಹೆಗಲವರೆಗೆ ಕೂದಲು ಬಿಟ್ಟು ಅದಕ್ಕೆ ಕೆಂಪು ಬಣ್ಣ ಹಾಕಿಸಿಕೊಂಡವನು ಆ ಊರಿನಲ್ಲಿ ಒಬ್ಬನೇ ಇದ್ದ. ಶಶಾಂಕ. ಇಪ್ಪತ್ತಮೂರು ವರ್ಷ. ಆರು ವರ್ಷದ ಹಿಂದೆ ಅಮ್ಮನ ಜೊತೆ ಬಂದು ಬಾಡಿಗೆ ಮನೆ ಹಿಡಿದವನು, ತೋಟಗಳಲ್ಲಿ ಮೆಷಿನಿನಿಂದ ಹುಲ್ಲು ಕತ್ತರಿಸುವ ಕೆಲಸ. ಬಲಗಿವಿಯಲ್ಲಿ ಎರಡು ರಿಂಗು, ಕುತ್ತಿಗೆಯಲ್ಲಿ ಚೇಳಿನ ಹಚ್ಚೆ.

ಆ ತಲೆಯನ್ನು ತಯಾರು ಮಾಡಿದವನು ಬೋಜ. ಜಂಕ್ಷನ್ನಿನಲ್ಲಿ ಒಂದೇ ಕುರ್ಚಿಯ ಸೆಲೂನ್ ಅವನದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಕತ್ತರಿ ಹಿಡಿದವನಿಗೆ, ಹದಿನೈದು ವರ್ಷ ಊರಿನ ತಲೆಗಳನ್ನೆಲ್ಲ ಒಂದೇ ನಮೂನೆಯಲ್ಲಿ ಕತ್ತರಿಸಿ ಸಾಕಾಗಿತ್ತು. ಫೋನಿನಲ್ಲಿ ವಿಡಿಯೋ ನೋಡಿ ಬಣ್ಣ ಹಾಕುವುದನ್ನು ಕಲಿತ. ಪ್ರಯೋಗಕ್ಕೆ ತಲೆ ಕೊಡುವವರು ಯಾರೂ ಇಲ್ಲದಿದ್ದಾಗ ಶಶಾಂಕ ಬಂದು ಕುರ್ಚಿಯಲ್ಲಿ ಕೂತಿದ್ದ. "ಹಾಕು ಮಾರಾಯ, ಹೆಚ್ಚೆಂದರೆ ಉದುರಬಹುದು." ಮೂರು ತಿಂಗಳಲ್ಲಿ ಮೂರು ಸಲ ಬ್ಲೀಚ್ ಮಾಡಿದ ಮೇಲೆ ಬಣ್ಣ ಹಿಡಿಯಿತು. ಹಣ್ಣಾದ ಗೇರುಹಣ್ಣಿನ ಕೆಂಪು. ಬೋಜ ಅವನನ್ನು ಹಿಂದಿನಿಂದ, ಬಲದಿಂದ, ಮೇಲಿನಿಂದ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡಿದ್ದ. ಮುಖದ ಫೋಟೋ ಒಂದೂ ಇರಲಿಲ್ಲ. ಕ್ಷೌರಿಕನಿಗೆ ಮುಖ ಯಾಕೆ?

ಈಗ ಆ ಕೆಂಪೇ ಕಳ್ಳತನಕ್ಕೆ ಸಾಕ್ಷಿಯಾದದ್ದು ಹೇಗೆಂದು ಬೋಜನಿಗೆ ಎಷ್ಟು ಯೋಚಿಸಿದರೂ ತಲೆಗೆ ಹೋಗಲಿಲ್ಲ.

"ಎರಡು ಗೋಣಿ ಒಳ್ಳೆಮೆಣಸನ್ನು ಅವ ಬೈಕಿನಲ್ಲಿ ಹೇಗೆ ಒಯ್ಯುವುದು ಮಾರಾಯ್ರೆ?" ಎಂದು ಶುಕ್ರವಾರ ಸಂಜೆಯೇ ಕಟ್ಟೆಯಲ್ಲಿ ಕೇಳಿದ್ದ.

"ಅಂಥವರಿಗೆ ಆಗ್ತದೆ," ಎಂದರು.

"ಅಂಥವರು ಅಂದರೆ ಎಂಥವರು?"

"ನೀನು ಸುಮ್ಮನೆ ಇರು. ನೀನೇ ಅಲ್ವಾ ಅವನನ್ನು ಹಾಗೆ ಮಾಡಿದ್ದು."

ಶಶಾಂಕ ಆ ಮಧ್ಯಾಹ್ನ ಊರಿನಲ್ಲೇ ಇರಲಿಲ್ಲ. ಮೆಷಿನಿನ ಬ್ಲೇಡು ಮುರಿದಿತ್ತು, ಆ ಕಂಪೆನಿಯ ಬ್ಲೇಡು ಹೊಸಂಗಡಿಯ ಒಂದು ಅಂಗಡಿಯಲ್ಲಿ ಮಾತ್ರ ಸಿಗುತ್ತದೆ. ಅವನು ಹೋಗಿ ತಲುಪುವಾಗ ಜುಮಾ ನಮಾಜಿಗೆಂದು ಅಂಗಡಿ ಬಾಗಿಲು ಹಾಕಿತ್ತು. ಕಾದು ಕೂತು, ತೆರೆದ ಮೇಲೆ ಬ್ಲೇಡು ತೆಗೆದುಕೊಂಡು ಬಂದ. ಅವನ ಫೋನಿನ ಡಿಸ್‌ಪ್ಲೇ ಹೋಗಿ ವಾರವಾಗಿತ್ತು, ಅದು ಮನೆಯಲ್ಲೇ ಬಿದ್ದಿತ್ತು. ಕೈಯಲ್ಲಿದ್ದದ್ದು ಅಂಗಡಿಯ ಬಿಲ್ಲು ಮಾತ್ರ. ಸಮಯ ಎರಡು ಇಪ್ಪತ್ತು.

ಆ ಬಿಲ್ಲನ್ನು ತೋರಿಸಿದ್ದೇ ತಪ್ಪಾಯಿತು. "ಎರಡು ಇಪ್ಪತ್ತಕ್ಕೆ ಹೊಸಂಗಡಿಯಲ್ಲಿ!" ಎಂದರು ತಿರುಮಲೇಶ್ವರಣ್ಣ. "ನೋಡಿದ್ರಾ? ಒಂದು ಗಂಟೆಗೆ ಇಲ್ಲಿಂದ ತೆಗೆದು, ಅಲ್ಲಿ ಮಾರಿ, ಮಾರಿದ ದುಡ್ಡಿನಲ್ಲಿ ಬ್ಲೇಡು ತೆಗೆದದ್ದು!"

ಬಿಲ್ಲು ಇಲ್ಲದಿದ್ದರೆ ಕಳ್ಳ, ಇದ್ದರೆ ಇನ್ನೂ ದೊಡ್ಡ ಕಳ್ಳ. ಬೋಜನಿಗೆ ಸಿಟ್ಟು ನೆತ್ತಿಗೇರಿತು, ಜೊತೆಗೆ ಗೊಂದಲವೂ. ಯಾರಿಗೆ ಬೈಯುವುದು? ಬೈಯಲು ಹಿಡಿದರೆ ಎಲ್ಲರೂ ಅವನದೇ ಗಿರಾಕಿಗಳು.

ಪಂಚಾಯತು ಮೆಂಬರ್ ಈಶ್ವರಪ್ರಸಾದ ನಡುವೆ ಬಂದ. ಭಾನುವಾರ ಸಂಜೆ ನಾಲ್ಕಕ್ಕೆ ವಾಚನಾಲಯದಲ್ಲಿ ಎಲ್ಲರೂ ಸೇರುವುದು, ಶಶಾಂಕ ತಾನು ಕದ್ದಿಲ್ಲವೆಂದು ಅಲ್ಲಿ ತೋರಿಸಿಕೊಡುವುದು. ಆಗದಿದ್ದರೆ ಸೋಮವಾರ ಬೆಳಿಗ್ಗೆ ತಿರುಮಲೇಶ್ವರಣ್ಣ ಸ್ಟೇಷನ್ನಿಗೆ ಹೋಗುವುದು. ಸ್ಟೇಷನ್ನು ಎಂದರೆ ಏನೆಂದು ಶಶಾಂಕನಿಗೆ ಗೊತ್ತಿತ್ತು. ಹೋದ ವರ್ಷ ಯಾರದೋ ಪಂಪು ಕಳವಾದಾಗ ವಿಚಾರಣೆಗೆಂದು ಕರೆದು, ಎರಡು ದಿನ ಬೆಂಚಿನಲ್ಲಿ ಕೂರಿಸಿ, ತಲೆ ನೋಡಿ ನಗಾಡಿ ಕಳಿಸಿದ್ದರು. ಪಂಪು ಆಮೇಲೆ ಮಾಲಿಕನ ಅಳಿಯನ ಮನೆಯಲ್ಲಿ ಸಿಕ್ಕಿತು. ಅಳಿಯನ ತಲೆಗೆ ಎಣ್ಣೆ ಹಚ್ಚಿ ಪಕ್ಕಕ್ಕೆ ಬಾಚಿತ್ತು. ಅವನನ್ನು ಯಾರೂ ಬೆಂಚಿನಲ್ಲಿ ಕೂರಿಸಲಿಲ್ಲ.

"ಈ ಸಲ ಕರೆದರೆ ಅಮ್ಮ ಬದುಕುವುದಿಲ್ಲ ಬೋಜಣ್ಣ," ಎಂದ ಶಶಾಂಕ.

ಶನಿವಾರ ಬೋಜ ಸೆಲೂನಿಗೆ ಬೀಗ ಹಾಕಿ ಹೊಸಂಗಡಿಗೆ ಹೋದ. ಬ್ಲೇಡಿನ ಅಂಗಡಿಯ ಎದುರು ಸೋಗೆ ಇಳಿಸಿದ ಸಣ್ಣ ಗೂಡಂಗಡಿ, ಬಾಟ್ಲಿಗಳಲ್ಲಿ ಉಪ್ಪಿನ ನೆಲ್ಲಿಕಾಯಿ, ಒಂದು ಬೆಂಚು. ಅಂಗಡಿಯ ಒಡತಿ ಬೀವಿ ಉಮ್ಮ, ಎಪ್ಪತ್ತು ದಾಟಿದ ಹೆಂಗಸು. ಬೋಜ ಕೇಳಿದ್ದೇ ತಡ, ಅವಳ ಮುಖ ಅರಳಿತು.

"ಕೆಂಪು ತಲೆಯ ಮೋನು, ಆ ಹುಡುಗ ಅಲ್ವಾ? ಬಂದಿದ್ದ. ಹನ್ನೆರಡೂವರೆಗೆ ಮಸೀದಿಯಲ್ಲಿ ಬಾಂಗ್ ಕೊಡುವ ಮೊದಲೇ ಬಂದದ್ದು. ನಮಾಜು ಮುಗಿದು ಆಚೆಯವರು ಬಾಗಿಲು ತೆಗೆಯುವವರೆಗೆ ಇಲ್ಲೇ ಕೂತಿದ್ದ. ಎರಡು ಲೈಮ್ ಕುಡಿದ. ಸೋಡದ ಪೆಟ್ಟಿಗೆ ಒಳಗೆ ಇಟ್ಟು ಕೊಟ್ಟ. ನಾನು ಆ ಕೂದಲು ಹಿಡಿದು ನೋಡಿದೆ. ತೆಂಗಿನ ನಾರು! ಎಣ್ಣೆ ಹಾಕು ಮೋನೆ ಅಂದೆ. ನಗಾಡಿದ."

"ಉಮ್ಮ, ಇಷ್ಟನ್ನು ನಮ್ಮ ಊರಿಗೆ ಬಂದು ಹೇಳ್ತೀರಾ? ನಾಳೆ?"

"ನಾಳೆ ನನಗೆ ಮಗಳಲ್ಲಿಗೆ ಪೆರ್ಲಕ್ಕೆ ಬರ್ಲಿಕ್ಕುಂಟು, ನಿಮ್ಮ ಊರಿನ ದಾರಿಯಲ್ಲೇ. ಇರ್ಷಾದ್ ರಿಕ್ಷಾದಲ್ಲಿ ಬಿಡ್ತಾನೆ, ಅವನತ್ರ ಹೇಳ್ತೇನೆ. ಇದ್ದದ್ದನ್ನು ಹೇಳ್ಲಿಕ್ಕೆ ಎಂತ ಕಷ್ಟ?"

ಬೋಜ ಹಾರಿಕೊಂಡೇ ಊರಿಗೆ ಬಂದ. ನೇರ ಮೆಂಬರನ ಮನೆಗೆ ಹೋಗಿ ಹೇಳಿದ.

"ಒಳ್ಳೆದಾಯ್ತು," ಎಂದ ಈಶ್ವರಪ್ರಸಾದ, ಮೀಸೆ ತಿರುವಿಕೊಳ್ಳುತ್ತ. "ಆದರೆ ನೋಡು ಬೋಜ, ಆ ತಲೆ ಹೊತ್ತುಕೊಂಡು ಅವ ಸಭೆಗೆ ಬಂದರೆ ಯಾವ ಸಾಕ್ಷಿಯೂ ನಿಲ್ಲುವುದಿಲ್ಲ. ಜನ ಕಿವಿ ತೆಗೆಯುವ ಮೊದಲು ಕಣ್ಣು ತೆಗೀತಾರೆ. ಸ್ವಲ್ಪ ಮನುಷ್ಯನ ಹಾಗೆ ಮಾಡಿ ಕರ್ಕೊಂಡು ಬಾ."

"ಈಗ ಎಂತ ಮೆಂಬ್ರೇ ಅವ, ದನವಾ?"

"ಹುಂಜ ಮಾರಾಯ! ಕೋಳಿ ಅಂಕಕ್ಕೆ ಬಿಡ್ಲಿಕ್ಕೆ ಆಗ್ತದೆ." ಈಶ್ವರಪ್ರಸಾದ ತನ್ನ ಮಾತಿಗೆ ತಾನೇ ನಕ್ಕ. "ನಾನು ಅವನ ಒಳ್ಳೆದಕ್ಕೇ ಹೇಳುವುದು."

ಆ ಮಾತು ಬೋಜನಿಗೆ ಸಿಟ್ಟು ತರಿಸಿತು. ಆದರೂ ರಾತ್ರಿಯೆಲ್ಲ ಹೊರಳಾಡಿ ಯೋಚಿಸುವಾಗ ಅದು ಸರಿ ಎಂದೇ ಕಂಡಿತು. ಒಂದು ಕಡೆ ಸಾಕ್ಷಿ, ಇನ್ನೊಂದು ಕಡೆ ನೆಟ್ಟಗಿನ ತಲೆ. ಎರಡೂ ಕಡೆಯಿಂದ ಹಗ್ಗ ಬಿಗಿದು ಕಟ್ಟಿದ ಹಾಗೆ. ಇನ್ನು ಯಾರು ಏನು ಮಾತಾಡಿಯಾರು?

ಭಾನುವಾರ ಬೆಳಿಗ್ಗೆ ಎಂಟಕ್ಕೆ ಶಶಾಂಕ ಕುರ್ಚಿಯಲ್ಲಿ ಕೂತ. ಬೋಜ ಬಾಗಿಲಿನ ಪರದೆ ಎಳೆದ.

"ಎಡದ ಕಡೆ ಎಂತ ಮಾಡ್ತೀರಿ?" ಎಂದ ಶಶಾಂಕ, ಕನ್ನಡಿಯನ್ನು ನೋಡದೆ.

ಅವನ ಎಡಗಿವಿ ಪೂರ್ತಿ ಬೆಳೆದಿರಲಿಲ್ಲ. ಹುಟ್ಟುವಾಗಲೇ ಹಾಗೆ. ಎಳೆ ಗೇರುಬೀಜದಷ್ಟು ದೊಡ್ಡದು, ಅದೇ ಆಕಾರ, ಅಂಚು ಒಳಕ್ಕೆ ಮಡಚಿ ಅಂಟಿಕೊಂಡದ್ದು. ಹಿಂದಿನ ಊರಿನ ಶಾಲೆಯಲ್ಲಿ ಅದನ್ನು ಹಿಡಿದು ಎಳೆಯದ ಹುಡುಗರಿರಲಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಅದಕ್ಕೇ, ಕೂದಲು ಬಿಟ್ಟದ್ದೂ ಅದಕ್ಕೇ. ನೇರಳಡ್ಕದಲ್ಲಿ ಈ ವಿಷಯ ಗೊತ್ತಿದ್ದದ್ದು ಅವನ ಅಮ್ಮನಿಗೆ ಮತ್ತು ಬೋಜನಿಗೆ. ಬಸ್ಸಿನಲ್ಲಾಗಲಿ ಹೋಟೆಲಿನಲ್ಲಾಗಲಿ ಅವನು ಎಡಭಾಗವನ್ನು ಗೋಡೆಗೆ ಕೊಟ್ಟೇ ಕೂರುವುದನ್ನು ಬೋಜ ಗಮನಿಸಿದ್ದ.

"ಅಲ್ಲಿ ಸ್ವಲ್ಪ ಉದ್ದ ಬಿಡ್ಲಾ?"

"ಅಲ್ಲಿ ಮಾತ್ರ ಬಿಟ್ಟರೆ ಅದಕ್ಕೂ ಒಂದು ಕಥೆ ಕಟ್ತಾರೆ. ಎಲ್ಲ ತೆಗೀರಿ."

ಬೋಜ ತೆಗೆದ. ಮೂರು ತಿಂಗಳು ಕೂತು ಮಾಡಿದ್ದು ಹತ್ತು ನಿಮಿಷದಲ್ಲಿ ನೆಲಕ್ಕೆ ಬಿತ್ತು. ರಿಂಗುಗಳನ್ನೂ ಬಿಚ್ಚಿಸಿದ. ಹಚ್ಚೆ ಮುಚ್ಚಲೆಂದು ಕಾಲರಿನ ಅಂಗಿ ಹಾಕಿಸಿದ. ಆಮೇಲೆ ಕನ್ನಡಿಯಲ್ಲಿ ನೋಡಿದರೆ, ಅಲ್ಲೊಬ್ಬ ಗುರುತಿಲ್ಲದವನು ಕೂತಿದ್ದ. ಚಪ್ಪಟೆ ಕೆನ್ನೆ, ಸಣ್ಣ ಕಣ್ಣು, ಅತ್ತಿತ್ತ ಓಡುವ ನೋಟ. ಇವನನ್ನು ನಾನು ಯಾವತ್ತೂ ನೋಡಿಯೇ ಇಲ್ಲವಲ್ಲ ಎಂದುಕೊಂಡ ಬೋಜ. ಒಂದು ಕ್ಷಣ, ಒಂದೇ ಕ್ಷಣ, ಇವನು ಕದ್ದಿದ್ದರೂ ಕದ್ದಿರಬಹುದು ಅನ್ನಿಸಿಬಿಟ್ಟಿತು. ಯಾಕೆ ಹಾಗನ್ನಿಸಿತೆಂದು ತಿಳಿಯದೆ ಅವನು ಬ್ರಷ್ಷು ಕೆಳಗಿಟ್ಟ.

"ಎಂತ ಆಯ್ತು?"

"ಎಂತ ಇಲ್ಲ. ಚಂದ ಕಾಣ್ತಿ."

"ಸುಳ್ಳು ಹೇಳ್ಬೇಡಿ ಬೋಜಣ್ಣ, ನಿಮಗೆ ಬರುವುದಿಲ್ಲ."

ಅವನು ಹೋದ ಬೆನ್ನಿಗೆ ಲೋಕಯ್ಯ ಬಂದ. ಲೋಕಯ್ಯ ತಿರುಮಲೇಶ್ವರಣ್ಣನ ತೋಟದ ಕೆಲಸದ ಮುದುಕ. ಪ್ರತಿ ಭಾನುವಾರ ವಾರದ ಕೂದಲನ್ನೆಲ್ಲ ಗೋಣಿಯಲ್ಲಿ ಒಯ್ಯುವುದು ಅವನ ಲೆಕ್ಕ. ಮರಗೆಣಸಿನ ಗದ್ದೆಯ ಸುತ್ತ ಮನುಷ್ಯರ ಕೂದಲು ಹರಡಿದರೆ ಕಾಡುಹಂದಿ ಮೂಗು ಹಾಕುವುದಿಲ್ಲವೆಂದು ಊರಿನವರೆಲ್ಲ ನಂಬಿದ್ದರು. ಬೋಜನ ಅಂಗಡಿಯ ಕೂದಲಿಗೆ ನಾಲ್ಕು ತೋಟದವರ ಪೈಪೋಟಿಯಿತ್ತು.

"ಓ, ಇದು ಆ ಕೆಂಪನದ್ದಲ್ವಾ?" ಲೋಕಯ್ಯ ನೆಲದಿಂದ ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದ. "ಇದನ್ನು ನೋಡಿದರೆ ಹಂದಿ ಕಾಸರಗೋಡಿನವರೆಗೆ ಓಡ್ತದೆ."

"ಕೊಂಡು ಹೋಗಿ ಮಾರ್ರೆ, ಬೇಗ," ಎಂದ ಬೋಜ. ಗುಡಿಸಿ, ಒತ್ತಿ, ಗೋಣಿಗೆ ತುಂಬಿಸಿ ಕೊಟ್ಟ. ಕೆಂಪು ಕಣ್ಣೆದುರಿನಿಂದ ಹೋದರೆ ಸಾಕಾಗಿತ್ತು ಅವನಿಗೆ.

ನಾಲ್ಕು ಗಂಟೆಗೆ ವಾಚನಾಲಯದಲ್ಲಿ ಮೂವತ್ತು ಜನ. ಶಶಾಂಕ ಒಳಗೆ ಬಂದಾಗ ಯಾರೂ ತಿರುಗಿ ನೋಡಲಿಲ್ಲ, ಯಾಕೆಂದರೆ ಬಂದವನು ಅವನೆಂದು ಯಾರಿಗೂ ಗೊತ್ತಾಗಲಿಲ್ಲ. ಅವನು ಕಪಾಟಿನ ಪಕ್ಕದ ಕುರ್ಚಿಗೆ ಹೋಗಿ ಎಡಭಾಗವನ್ನು ಕಪಾಟಿಗೆ ಕೊಟ್ಟು ಕೂತ ಮೇಲೆ ಗುಸುಗುಸು ಎದ್ದಿತು. ತಿರುಮಲೇಶ್ವರಣ್ಣ ಕನ್ನಡಕ ಸರಿಮಾಡಿ ನೋಡಿದರು. ಬಡವರಲ್ಲ, ಕೆಟ್ಟವರೂ ಅಲ್ಲ. ಶಾಲೆಗೆ ಜಾಗ ಬಿಟ್ಟುಕೊಟ್ಟ ಮನುಷ್ಯ. ಬುಧವಾರವಷ್ಟೇ ಶಶಾಂಕನಿಂದ ತೋಟದ ಹುಲ್ಲು ಕತ್ತರಿಸಿಕೊಂಡು ಚಹಾ ಕೊಟ್ಟು ಕಳಿಸಿದ್ದರು.

"ಇವತ್ತೇ ಯಾಕೆ ಕೂದಲು ತೆಗೆದದ್ದು?" ಎಂದರು. "ಆರು ವರ್ಷದಿಂದ ಇದ್ದದ್ದು ಇವತ್ತೇ ಯಾಕೆ ಬೇಡ ಆಯ್ತು? ಗುರುತು ಹಿಡೀಬಾರ್ದು ಅಂತಲಾ?"

ಬೋಜ ಮೆಂಬರನ ಮುಖ ನೋಡಿದ. ಈಶ್ವರಪ್ರಸಾದ ತನ್ನ ಫೋನು ನೋಡುತ್ತಿದ್ದ.

"ಮೆಂಬ್ರೇ, ನೀವೇ ಅಲ್ವಾ ಹೇಳಿದ್ದು?"

"ನಾನು ಸ್ವಲ್ಪ ಸರಿ ಮಾಡು ಅಂದದ್ದು ಮಾರಾಯ. ಹೀಗೆ ಬೋಳಿಸು ಅಂದೆನಾ?"

ಇರ್ಷಾದನ ರಿಕ್ಷಾ ಬಂದು ನಿಂತದ್ದು ಆಗಲೇ. ಬೀವಿ ಉಮ್ಮ ಇಳಿದು, ಬಿಳಿ ಸೆರಗು ತಲೆಗೆಳೆದುಕೊಂಡು, ಎಲ್ಲರನ್ನೂ ಒಂದೇ ಸಲ ನೋಡಿ ನಕ್ಕಳು. ಅವಳಿಗೆ ಕುರ್ಚಿ ಕೊಟ್ಟರು. ಬೋಜನ ಎದೆ ಹಗುರಾಯಿತು.

"ಉಮ್ಮ, ಶುಕ್ರವಾರ ಮಧ್ಯಾಹ್ನ ನಿಮ್ಮ ಅಂಗಡಿಯಲ್ಲಿ ಕೂತದ್ದು ಇವನೇ ಅಲ್ವಾ?"

ಬೀವಿ ಉಮ್ಮ ನೋಡಿದಳು. ಎದ್ದು ಹತ್ತಿರ ಹೋಗಿ, ಕಣ್ಣು ಸಣ್ಣದು ಮಾಡಿ, ಬಲಗೆನ್ನೆಯ ಹತ್ತಿರ ಬಾಗಿ ನೋಡಿದಳು. ಆಮೇಲೆ ತಲೆಯಾಡಿಸಿದಳು.

"ಇವನಲ್ಲ."

ಬೋಜ ಒಂದು ಹೆಜ್ಜೆ ಮುಂದೆ ಬಂದ.

"ಸರಿಯಾಗಿ ನೋಡಿ ಉಮ್ಮ!"

"ನೋಡಿದೆ ಮೋನೆ. ಅವನಿಗೆ ಇಷ್ಟು ಕೂದಲಿತ್ತು. ಕೆಂಪು. ಇದು ಬೇರೆ ಯಾರೋ. ನನ್ನ ಕಣ್ಣು ಅರ್ಧ ಹೋಗಿದೆ, ಆದರೆ ಕೆಂಪಿಗೂ ಬೋಳಿಗೂ ವ್ಯತ್ಯಾಸ ಗೊತ್ತಾಗ್ತದೆ."

ಯಾರೋ ಹಿಂದಿನಿಂದ ನಕ್ಕರು. ಬೋಜ ಫೋನು ತೆಗೆದು ಫೋಟೋ ತೋರಿಸಿದ. "ಈ ಹೊಳೆಯುವುದರಲ್ಲಿ ನನಗೆ ಎಂತ ಕಾಣ್ತದೆ?" ಎಂದಳು. ಇಣುಕಿ ನೋಡಿದ ತಿರುಮಲೇಶ್ವರಣ್ಣ, "ಇದರಲ್ಲಿ ಕೂದಲು ಮಾತ್ರ ಉಂಟಲ್ಲ. ಹೊಸಂಗಡಿಯಲ್ಲಿ ಈಗ ಇಂಥ ತಲೆ ಹತ್ತುಂಟು. ಅದರಲ್ಲಿ ಯಾವುದನ್ನು ಕಂಡರೋ ಇವರು," ಎಂದರು. ಅವರು ಜೋರಾಗಿ ಹೇಳಲೂ ಇಲ್ಲ. ನ್ಯಾಯವಾದ ಮಾತಿನ ಹಾಗೆ, ಬೇಸರದಿಂದಲೇ ಹೇಳಿದರು. "ನಾಳೆ ಸ್ಟೇಷನ್ನಿಗೆ ಹೋಗುವುದೇ. ಬೇರೆ ದಾರಿ ಇಲ್ಲ."

ಬೋಜ ಎದ್ದು ನಿಂತ. ಎದ್ದದ್ದು ಯಾಕೆಂದು ಮೊದಲು ಅವನಿಗೇ ಗೊತ್ತಾಗಲಿಲ್ಲ. ಆಮೇಲೆ ನೆನಪಾಯಿತು: ಮುದುಕಿ ಆ ಕೂದಲನ್ನು ಮುಟ್ಟಿ ನೋಡಿದ್ದಾಳೆ.

"ಹತ್ತು ನಿಮಿಷ ಕೊಡಿ," ಎಂದು ಹೊರಗೆ ಓಡಿದ.

ತಿರುಮಲೇಶ್ವರಣ್ಣನ ಮರಗೆಣಸಿನ ಗದ್ದೆ ವಾಚನಾಲಯದ ಹಿಂದಿನ ಇಳಿಜಾರಿನಲ್ಲಿತ್ತು. ಬೇಲಿಯ ಉದ್ದಕ್ಕೂ ಲೋಕಯ್ಯ ಅಚ್ಚುಕಟ್ಟಾಗಿ ಕೂದಲು ಹರಡಿದ್ದ, ಕೆಲವು ಕಡೆ ಚಿಂದಿಬಟ್ಟೆಯಲ್ಲಿ ಗಂಟು ಕಟ್ಟಿ ನೇತುಹಾಕಿದ್ದ. ಬೋಜ ಮಂಡಿಯೂರಿ ಬಾಚತೊಡಗಿದ. ಕಪ್ಪು, ಬಿಳಿ, ಮದರಂಗಿ ಹಚ್ಚಿದ್ದು, ನಡುನಡುವೆ ಗೇರುಹಣ್ಣಿನ ಕೆಂಪು. ಬೇರೆ ಮಾಡಲು ಬಿಡುವಿರಲಿಲ್ಲ. ಮಣ್ಣು, ಒಣ ಎಲೆ, ಕೂದಲು ಎಲ್ಲವನ್ನೂ ಅಂಗಿಯ ಮಡಿಲಿಗೆ ತುಂಬಿಕೊಂಡು ಓಡಿದ. ಕಳ್ಳನ ಹಾಗೆ ಓಡುತ್ತಿದ್ದೇನೆ ಎಂದು ದಾರಿಯಲ್ಲಿ ಅನ್ನಿಸಿತು. ತಿರುಮಲೇಶ್ವರಣ್ಣನ ಗದ್ದೆಯಿಂದ ಹಗಲಲ್ಲೇ ವಸ್ತು ಎತ್ತಿಕೊಂಡು ಓಡುತ್ತಿದ್ದೇನೆ, ಒಬ್ಬನೂ ತಡೆಯಲಿಲ್ಲ. ನೀಟಾಗಿ ಕ್ರಾಪು ಬಾಚಿದವನನ್ನು ಯಾರು ತಡೆಯುತ್ತಾರೆ?

ತಂದದ್ದನ್ನು ಬೀವಿ ಉಮ್ಮನ ಮಡಿಲಿಗೆ ಸುರಿದ. ಸಭೆ ಬಾಯಿಬಿಟ್ಟು ನೋಡಿತು.

"ಮುಟ್ಟಿ ನೋಡಿ ಉಮ್ಮ. ತೆಂಗಿನ ನಾರು ಅಂದ್ರಲ್ಲ."

ಅವಳು ಬೆರಳಾಡಿಸಿದಳು. ತುಂಬ ಹೊತ್ತು ಆಡಿಸಿದಳು. ಒಂದು ಎಳೆ ಎಳೆದಳು, ಅದು ಬಿಳಿ. ಇನ್ನೊಂದು ಎಳೆದಳು, ಅದು ಯಾರದೋ ಎಣ್ಣೆ ಕೂದಲು.

"ಇದರಲ್ಲಿ ಊರಿನವರೆಲ್ಲ ಇದ್ದಾರೆ ಮೋನೆ," ಎಂದಳು ಕೊನೆಗೆ. "ನಾನು ಯಾರನ್ನು ಹೇಳಲಿ?"

ಈ ಸಲ ನಗು ಜೋರಾಗಿಯೇ ಬಂತು. ನಗುವವರ ನಡುವೆ ಬೋಜ ಅಂಗಿಗಂಟಿದ ಕೂದಲು ಕೊಡವಿಕೊಳ್ಳುತ್ತ ನಿಂತಿದ್ದ. ಸರಿಯಾದದ್ದನ್ನೇ ಮಾಡಿದ್ದ, ಒಂದಾದ ಮೇಲೊಂದು ಸರಿಯಾದದ್ದನ್ನೇ. ಸಾಕ್ಷಿ ತಂದ. ಮನುಷ್ಯನ ಹಾಗೆ ಮಾಡಿದ. ಎಲ್ಲಿ ತಪ್ಪಿತು?

ಆಗ ಶಶಾಂಕ ಎದ್ದ. ಅಷ್ಟು ಹೊತ್ತೂ ಅವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

"ಸಾಕು ಬೋಜಣ್ಣ. ನಾಳೆ ಯಾಕೆ, ಇವತ್ತೇ ಹೋಗ್ತೇನೆ ಸ್ಟೇಷನ್ನಿಗೆ. ನಾನೇ ಹೋಗಿ ಕೂತುಕೊಳ್ತೇನೆ. ಬೆಂಚು ಗುರುತುಂಟು ನನಗೆ."

ಕಪಾಟು ಬಿಟ್ಟು ಬಾಗಿಲಿಗೆ ನಡೆದ. ಬಾಗಿಲಿಗೆ ಹೋಗಲು ಬೀವಿ ಉಮ್ಮನ ಕುರ್ಚಿಯನ್ನು ದಾಟಬೇಕಿತ್ತು, ಮತ್ತು ಹಾಗೆ ದಾಟುವಾಗ ಅವನ ಎಡಭಾಗ ಅವಳ ಕಡೆಗೆ ಬಂತು. ಮುದುಕಿ ಕೈ ಚಾಚಿ ಅವನ ಅಂಗಿ ಹಿಡಿದಳು.

"ನಿಲ್ಲು."

ಅವನು ನಿಂತ. ಅವಳು ಎದ್ದು, ಮಡಿಲಿನ ಕೂದಲೆಲ್ಲ ನೆಲಕ್ಕೆ ಚೆಲ್ಲಿಹೋಗಲು ಬಿಟ್ಟು, ಅವನ ಎಡಗಿವಿಯನ್ನು ಬೆರಳಿನಿಂದ ಮೆಲ್ಲನೆ ಮುಟ್ಟಿದಳು.

"ಯಾ ಅಲ್ಲಾ. ನೀನಾ ಮೋನೆ? ಅಂಗಡಿಯ ಹಿಂದೆ ಬಕೆಟಿನ ನೀರು ತಲೆಗೆ ಹೊಯ್ದುಕೊಂಡಿ ಅಲ್ವಾ, ಸೆಕೆ ಅಂತ? ಕೂದಲು ಎತ್ತಿ ಹಿಡಿದಿದ್ದಿ. ಆಗ ಈ ಕಿವಿ ನೋಡಿದ್ದೆ ನಾನು." ಸಭೆಯ ಕಡೆ ತಿರುಗಿದಳು. "ಇವನೇ. ಕಿವಿಯ ವಿಷಯ ನಾಲ್ಕು ಜನರ ಎದುರು ಹೇಳುವುದು ಚಂದ ಅಲ್ಲ ಅಂತ ಸುಮ್ಮನಿದ್ದೆ. ನನ್ನತ್ರ ಕೂದಲು ಕೇಳಿದರು, ಕೂದಲು ಹೇಳಿದೆ. ಬಾಂಗ್ ಕೊಡುವ ಮೊದಲಿನಿಂದ ಎರಡು ದಾಟುವವರೆಗೆ ಇವ ನನ್ನಲ್ಲೇ ಇದ್ದದ್ದು. ಬೇಕಾದರೆ ಮುಸಾಫ್ ಕುರಾನಿನ ಮೇಲೆ ಕೈ ಇಟ್ಟು ಹೇಳ್ತೇನೆ."

ಮೂವತ್ತು ಜನರ ಅರುವತ್ತು ಕಣ್ಣು ಆ ಕಿವಿಯ ಮೇಲೆ. ಶಶಾಂಕ ಕೈಯನ್ನು ಕಿವಿಯ ಹತ್ತಿರ ಒಯ್ದು, ಮುಚ್ಚಲು ಕೂದಲಿಲ್ಲವೆಂದು ನೆನಪಾಗಿ ಹಾಗೇ ಇಳಿಸಿದ.

"ಛೆ," ಎಂದರು ತಿರುಮಲೇಶ್ವರಣ್ಣ. ದನಿ ನಿಜವಾಗಿಯೂ ಕರಗಿತ್ತು. "ಛೆ, ಪಾಪ. ನಮಗೆ ಗೊತ್ತೇ ಇರ್ಲಿಲ್ಲ. ಹೋಗಲಿ ಬಿಡಿ. ಇಂಥ ಹುಡುಗನ ಮೇಲೆ ಎಂತ ಕೇಸು? ನಾನು ಸ್ಟೇಷನ್ನಿಗೆ ಹೋಗುವುದಿಲ್ಲ."

"ದೊಡ್ಡ ಮನಸ್ಸು," ಎಂದ ಈಶ್ವರಪ್ರಸಾದ ಎದ್ದು ನಿಂತು. "ಮುಗೀತಲ್ಲ. ಎಲ್ಲರೂ ಚಹಾ ಕುಡಿದೇ ಹೋಗಿ."

ಕುರ್ಚಿಗಳು ಸರಿದವು. ಬೋಜನಿಗೆ ಏನೋ ಕೈಜಾರುತ್ತಿದೆ ಅನ್ನಿಸಿತು, ಏನೆಂದು ಹಿಡಿಯಲಾಗಲಿಲ್ಲ.

"ತಿರುಮಲೇಶ್ವರಣ್ಣ, ಒಂದು ನಿಮಿಷ. ಇವ ಕದ್ದಿಲ್ಲ ಅಂತ ಹೇಳಿ."

"ಕೇಸು ಕೊಡುವುದಿಲ್ಲ ಅಂದೆನಲ್ಲ ಬೋಜ."

"ಅದಲ್ಲ. ಕದ್ದಿಲ್ಲ ಅಂತ."

"ಎಂತ ಮಾತು ಮಾರಾಯ ನಿನ್ನದು? ಬಿಟ್ಟುಬಿಟ್ಟೆ ಅಂದ ಮೇಲೂ ಕೆರೆದು ಹುಣ್ಣು ಮಾಡ್ತೀಯಲ್ಲ?" ಹೋಗುವ ಮೊದಲು ಅವರು ಶಶಾಂಕನ ಬೆನ್ನು ತಟ್ಟಿದರು. "ಇನ್ನು ಸರಿಯಾಗಿರು ಮಗಾ."

ಬೀವಿ ಉಮ್ಮ ರಿಕ್ಷಾ ಹತ್ತುವಾಗ ಶಶಾಂಕನ ಕೈ ಹಿಡಿದು, "ಎಣ್ಣೆ ಹಾಕು," ಎಂದಳು. ಹಾಕಲು ಅಲ್ಲಿ ಏನಿತ್ತು? ರಿಕ್ಷಾ ಹೋಯಿತು. ವಾಚನಾಲಯದ ನೆಲದಲ್ಲಿ ಊರಿನವರ ಕೂದಲು ಫ್ಯಾನಿನ ಗಾಳಿಗೆ ಅತ್ತಿತ್ತ ಹಾರುತ್ತಿತ್ತು. ಬೋಜ ಕೂತು ಒಂದೊಂದೇ ಕೆಂಪು ಎಳೆ ಹೆಕ್ಕತೊಡಗಿದ.

"ಬಿಡಿ ಬೋಜಣ್ಣ. ಎಷ್ಟು ಸಮಯ ಬೇಕು, ಮೊದಲಿನಷ್ಟು ಬರ್ಲಿಕ್ಕೆ?"

"ತಿಂಗಳಿಗೆ ಅರ್ಧ ಇಂಚು. ಕಿವಿ ಮುಚ್ಚಲಿಕ್ಕೆ ಎಂಟು ತಿಂಗಳು. ಹೆಗಲಿಗೆ ಎರಡು ವರ್ಷ."

ಶಶಾಂಕ ನೆತ್ತಿಯ ಮೇಲೆ ಕೈಯಾಡಿಸಿದ. ಹೊರಗೆ ಹೋಗಿ ಬೈಕಿನ ಕನ್ನಡಿಗೆ ಸಿಕ್ಕಿಸಿದ್ದ ಹೆಲ್ಮೆಟ್ಟು ತೆಗೆದು ಹಾಕಿಕೊಂಡ. ಊರೊಳಗೆ ಅವನು ಹೆಲ್ಮೆಟ್ಟು ಹಾಕಿದ್ದನ್ನು ಬೋಜ ಅದೇ ಮೊದಲು ನೋಡಿದ್ದು.

ಮುಂದಿನ ಗುರುವಾರ ಬೆಳಿಗ್ಗೆ ಈಶ್ವರಪ್ರಸಾದ ಗಡ್ಡ ತೆಗೆಸಲು ಬಂದ. ಹತ್ತೂವರೆಯ ಬಸ್ಸು ಹಿಡಿದು ಪಂಚಾಯತಿನ ಮೀಟಿಂಗಿಗೆ ಹೋಗಬೇಕಿತ್ತು. ಬಲಗೆನ್ನೆ ಮುಗಿದು, ಬಲದ ಅರ್ಧ ಮೀಸೆಯನ್ನು ಅವನು ಹೇಳಿದ ಹಾಗೆ ಸಣ್ಣಗೆ ಇಳಿಸಿ ಆಗಿತ್ತು. ಎಡಗೆನ್ನೆಯಲ್ಲಿ ನೊರೆ ಹಾಗೇ ಇತ್ತು. ಎದುರಿನ ಜೀನಸು ಅಂಗಡಿಗೆ ಶಶಾಂಕ ಬಂದು, ಹೆಲ್ಮೆಟ್ಟು ತೆಗೆಯದೆ ಒಳಗೆ ಹೋಗಿ, ಬೆಲ್ಲವೋ ಏನೋ ಕಟ್ಟಿಸಿಕೊಂಡು, ಹೆಲ್ಮೆಟ್ಟಿನಲ್ಲೇ ಹೊರಗೆ ಬಂದು ಬೈಕು ಹತ್ತಿದ. ಮೆಂಬರ್ ಕನ್ನಡಿಯಲ್ಲಿ ಎಲ್ಲವನ್ನೂ ನೋಡುತ್ತಿದ್ದ.

"ನೋಡಿದಿಯಾ? ಈಗ ಅದೊಂದು ಹೊಸತು. ಅಂಗಡಿಯ ಒಳಗೆ ಹೆಲ್ಮೆಟ್ಟು ಯಾಕೆ ಒಬ್ಬನಿಗೆ? ನಾನು ಅವನ ಪರವಾಗಿಯೇ ಮಾತಾಡಿದವ. ಆದರೂ ಎಂತದೋ ಉಂಟು ಬೋಜ. ಮುಖ ಮುಚ್ಚುವವನನ್ನು ಹೇಗೆ ನಂಬುವುದು?"

ಬೋಜನ ಕೈ ನಿಂತಿತು. ಹೇಳಬೇಕಾದದ್ದು ಬಾಯಿತುಂಬ ಬಂತು, ಎಲ್ಲವೂ ಒಟ್ಟಿಗೇ ಬಂತು, ಯಾವುದು ಮೊದಲು ಎಂದು ಗೊತ್ತಾಗಲಿಲ್ಲ. ಅವನು ರೇಜರು ಒರೆಸಿ ಡ್ರಾಯರಿಗೆ ಹಾಕಿದ. ಮೆಂಬರನ ಕುತ್ತಿಗೆಯ ಬಟ್ಟೆ ಬಿಚ್ಚಿ ಕೊಡವಿದ.

"ಆಯ್ತು. ಏಳಿ."

"ಎಂತ ಆಯ್ತು? ಅರ್ಧ ಉಂಟಲ್ಲ!"

"ಹೌದು. ಅರ್ಧ ಉಂಟು."

"ತಮಾಷೆ ಬೇಡ ಮಾರಾಯ, ಬಸ್ಸು ಬರ್ತದೆ!"

ಬೋಜ ಹೊರಗೆ ನಡೆದು, ಮೆಂಬರ್ ಬೈಯುತ್ತ ಹಿಂದೆ ಬಂದ ಮೇಲೆ ಶಟರು ಎಳೆದು ಬೀಗ ಹಾಕಿದ. ಬಸ್ಸು ತಿರುವಿನಲ್ಲಿ ಹಾರ್ನು ಹೊಡೆಯಿತು. ಈಶ್ವರಪ್ರಸಾದ ಪಂಚೆಯ ತುದಿಯಿಂದ ನೊರೆ ಒರೆಸಿಕೊಂಡು, ಒಂದು ಕಡೆ ಮೀಸೆ ದಪ್ಪ, ಒಂದು ಕಡೆ ತೆಳು, ಒಂದು ಕೆನ್ನೆ ನುಣುಪು, ಇನ್ನೊಂದು ಕರ್ರಗೆ, ಹಾಗೆಯೇ ಬಸ್ಸು ಹತ್ತಿದ. ಕಿಟಕಿಯಿಂದ ಎಲ್ಲರೂ ಅವನನ್ನೇ ನೋಡಿದರು.

ಬೋಜ ಕಟ್ಟೆಯಲ್ಲಿ ನಿಂತು ಕಾದ. ಈಗ ಯಾರಾದರೂ ಮೆಂಬರನ ಬಗ್ಗೆಯೂ ಏನಾದರೂ ಹೇಳುತ್ತಾರೆ ಎಂದು ಕಾದ. ಬಸ್ಸಿನೊಳಗಿನಿಂದ ಕಂಡಕ್ಟರ್ ತಲೆ ಹೊರಗೆ ಹಾಕಿ ಕೂಗಿದ:

"ಓ ಬೋಜಣ್ಣ, ನಿಮಗೆ ಎಂತ ಆದದ್ದು ಮಾರ್ರೆ? ಪಾಪ, ಮೆಂಬ್ರನ್ನು ಹೀಗೆ ಮಾಡಿ ಕಳ್ಸುವುದಾ?"

ಬಸ್ಸಿನಲ್ಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು.